ಬಂದೂಕಿನ ‘ಬೋಲ್ಟ್’ಗೆ ಕನ್ನಡದಲ್ಲಿ ಏನನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ನಾನು ಶಿರಸಿಯಲ್ಲಿ ವಕೀಲರಿಗೆ ಕಾಗದಪತ್ರಗಳನ್ನು ಕನ್ನಡಕ್ಕೆ ಮಾಡಿಕೊಡುತ್ತೇನೆ. ಈಗ ಕೈಯಲ್ಲಿರುವುದು ಬೆಳೆ ರಕ್ಷಣೆಗೆ ಕೋವಿ ಇಟ್ಟುಕೊಂಡ ರೈತರಿಗಾಗಿ ಒಂದು ಚಿಕ್ಕ ಕೈಪಿಡಿ. ಅದರಲ್ಲಿ ಬರುವ ‘ಬೋಲ್ಟ್’ ಎಂಬ ಶಬ್ದದ ಬಗ್ಗೆ ನಿಮ್ಮ ಸಲಹೆ ಬೇಕು. ಹಾಗೇ ಬಿಟ್ಟರೆ ಓದುವವರು ನಟ್ಟು-ಬೋಲ್ಟು ಅಂದುಕೊಳ್ಳುತ್ತಾರೆ. ಕರಡು ಓದಿದ ಒಬ್ಬ ತೋಟಗಾರರು, ‘ಬೋಲ್ಟ್ ಸಡಿಲಾದ್ರೆ ಸ್ಪ್ಯಾನರ್ ಹಾಕಿ ಬಿಗಿ ಮಾಡಬಹುದಲ್ವಾ?’ ಎಂದೇ ಕೇಳಿದರು.

ಕೋವಿಯ ಮಾತಿಗೆ ನಮ್ಮಲ್ಲಿ ಬಡತನ ಏನಿಲ್ಲ. ನಳಿಗೆ, ಗಜ, ಮದ್ದು, ಚರೆ, ಕೇಪು, ತೋಟಾ, ಈಡು ಎಲ್ಲ ಇವೆ. ಕುದುರೆ ಅಂದರೆ ಸಾಕು, ಘಟ್ಟದ ಮೇಲೂ ಕೆಳಗೂ ಅರ್ಥವಾಗುತ್ತದೆ. ಆದರೆ ಬೋಲ್ಟಿಗೆ ಮಾತ್ರ ಹೆಸರಿಲ್ಲ. ಕಾರಣ ಇಷ್ಟೇ ಅನಿಸುತ್ತದೆ: ನಮ್ಮ ಮನೆಗಳಲ್ಲಿದ್ದ ಕೋವಿಗೆ ಆ ಭಾಗವೇ ಇರಲಿಲ್ಲ. ಕೇಪಿನ ಕೋವಿಗೆ ನಳಿಗೆಯ ಬಾಯಿಂದಲೇ ಮದ್ದು ತುಂಬಬೇಕು. ಒಂಟಿ ನಳಿಗೆ, ಜೋಡು ನಳಿಗೆಯ ತೋಟಾ ಕೋವಿಗಳನ್ನು ನಡು ಮುರಿದು ತೋಟಾ ಹಾಕುತ್ತಾರೆ. ಜನ ಬೋಲ್ಟ್ ಕಂಡದ್ದು ಪೊಲೀಸರ ಹೆಗಲ ಮೇಲಿನ .303 ರೈಫಲ್‌ನಲ್ಲಿ. ಆ ಬೋರು (ನಳಿಗೆಯ ಒಳ ಅಳತೆ) ಸಾಮಾನ್ಯ ಜನರಿಗೆ ಸಿಗುವಂಥದ್ದಲ್ಲ. ಅಪರೂಪಕ್ಕೆ ಒಬ್ಬಿಬ್ಬರ ಮನೆಯಲ್ಲಿರುವುದು ಸರ್ಕಾರಿ ಕಾರ್ಖಾನೆಯ .315 ಸ್ಪೋರ್ಟಿಂಗ್ ರೈಫಲ್. ಅದರ ಬೋಲ್ಟೂ .303ರ ಜಾತಿಯದೇ.

ವಸ್ತು ಹೇಗಿದೆ ಎಂದು ಹೇಳಿಬಿಡುತ್ತೇನೆ, ಶಬ್ದ ಹುಡುಕಲು ಅದೇ ದಾರಿ. ನಳಿಗೆಯ ಹಿಂಬದಿ ಬಾಯಿಯನ್ನು ಮುಚ್ಚುವ ಉಕ್ಕಿನ ಉರುಳೆ ಅದು. ಪಕ್ಕದಲ್ಲಿ ಗುಂಡು ತಲೆಯ ಒಂದು ಹಿಡಿ. ಹಿಡಿ ಮೇಲೆತ್ತಿ ಹಿಂದಕ್ಕೆಳೆದರೆ ಖಾಲಿ ತೋಟಾ ಹೊರಗೆ ಹಾರುತ್ತದೆ. ಮುಂದೆ ತಳ್ಳಿದರೆ ಹೊಸದು ಒಳಗೆ ಹೋಗುತ್ತದೆ. ಹಿಡಿ ಕೆಳಗೆ ಮಡಚಿದರೆ ಬೋಲ್ಟಿನ ಹಲ್ಲುಗಳು ಕೋವಿಯೊಳಗೆ ಕೊರೆದ ತೋಡುಗಳಲ್ಲಿ ಕಚ್ಚಿಕೊಳ್ಳುತ್ತವೆ. ಜರ್ಮನಿಯ ಮೌಸರ್ 98 ರೈಫಲ್‌ನಲ್ಲಿ ಮುಖ್ಯ ಹಲ್ಲುಗಳು ಬೋಲ್ಟಿನ ಮುಂದಿವೆ, ಲೀ-ಎನ್‌ಫೀಲ್ಡ್‌ನಲ್ಲಿ (ಪೊಲೀಸರ .303 ಇದೇ) ಹಿಂದಿವೆ. ಲೀ-ಎನ್‌ಫೀಲ್ಡ್ ಹಿಡಿಯನ್ನು 60 ಡಿಗ್ರಿ ಎತ್ತಿದರೆ ಸಾಕು, ಮೌಸರಿಗೆ 90 ಬೇಕು. ಸಿಡಿದಾಗ ಹಿಂದಕ್ಕೆ ಒತ್ತುವ ಬಲವನ್ನೆಲ್ಲ ತಡೆಯುವುದು ಈ ಹಲ್ಲುಗಳೇ.

ತಳ್ಳಿ, ಮಡಚಿ, ಭದ್ರ ಮಾಡುವುದು. ಹಳೇ ಬಾಗಿಲ ಚಿಲಕವೂ ಇದನ್ನೇ ಮಾಡುತ್ತದೆ. ಹಾಗಾಗಿ ‘ಚಿಲಕ’ ಅಥವಾ ‘ಅಗುಳಿ’ ಎರಡರಲ್ಲೊಂದು ಹೊಂದುತ್ತದೆ ಎಂದು ನನ್ನ ಅಭಿಪ್ರಾಯ. ನನಗೆ ಅಗುಳಿ ಹೆಚ್ಚು ಇಷ್ಟ. ಚಿಲಕ ಅಂದರೆ ಸುರಕ್ಷತೆಗೆಂದು ಇರುವ ಸೇಫ್ಟಿಯನ್ನೂ ಅದೇ ಎಂದುಕೊಳ್ಳುವ ಅಪಾಯವಿದೆ. ‘ಅರ್ಗಲ’ ಎಂದು ಬರೆಯಲು ಒಬ್ಬರು ಹೇಳಿದರು, ಅದು ಯಾವ ರೈತನಿಗೂ ತಲುಪುವುದಿಲ್ಲ.

ಕಾನೂನಿನ ಕಡೆಯಿಂದ ನೋಡಿದರೆ ಈ ಶಬ್ದ ಸುಮ್ನೆ ಬಿಡುವಂಥದ್ದಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 2ನೇ ಕಲಮಿನ ಪ್ರಕಾರ ಬಂದೂಕಿನ ಬಿಡಿಭಾಗವೂ ಬಂದೂಕೇ. ‘ಬೋಲ್ಟ್ ತೆಗೆದು ಬೇರೆ ಇಟ್ಟಿದ್ದೇನೆ, ಈಗ ಅದು ಬರೀ ಕಬ್ಬಿಣ’ ಎಂದು ನಂಬಿದವರಿದ್ದಾರೆ. ಕಾಯ್ದೆ ಹಾಗೆ ಹೇಳುವುದಿಲ್ಲ. ಅಪ್ಪನ ರೈಫಲ್ ಮಗನ ಕೈಗೆ ಬಂದು ಲೈಸೆನ್ಸ್ ಇಲ್ಲದಿದ್ದರೆ 21ನೇ ಕಲಮಿನಂತೆ ಠಾಣೆಗೋ ಲೈಸೆನ್ಸ್ ಇರುವ ಅಂಗಡಿಗೋ ತಡಮಾಡದೆ ಒಪ್ಪಿಸಬೇಕು. ಬೋಲ್ಟ್ ಮನೆಯ ಕಪಾಟಿನಲ್ಲೇ ಉಳಿದರೆ ಒಪ್ಪಿಸಿದ್ದು ಅರ್ಧ ಮಾತ್ರ. ಲೀ-ಎನ್‌ಫೀಲ್ಡ್‌ನಲ್ಲಿ ಹಿಡಿಯ ಬುಡದ ಹಿಂದೆ ರೈಫಲ್‌ನದೇ ನಂಬರು ಹೊಡೆದಿರುತ್ತದೆ. ಬೇರೆ ಬೋಲ್ಟ್ ಸಿಕ್ಕಿಸಿದರೆ ತೋಟಾ ಹಿಂದಿನ ಸಂದು ಹೆಚ್ಚುಕಡಿಮೆ ಆಗಬಹುದು. ಸಂದು ಜಾಸ್ತಿಯಾದರೆ ತೋಟಾದ ಹಿತ್ತಾಳೆ ಸೀಳಿ ಬಿಸಿಗಾಳಿ ಹೊಡೆಯುವವನ ಮುಖಕ್ಕೇ ಬರುತ್ತದೆ. ಮಹಜರಿನಲ್ಲಿ ‘ಬೋಲ್ಟು ಒಂದು’ ಎಂದಷ್ಟೇ ಬರೆದರೆ ಇದ್ಯಾವುದೂ ತಿಳಿಯುವುದಿಲ್ಲ. ನಂಬರೂ ಬೇಕು, ಯಾವ ಬೋಲ್ಟ್ ಎಂದು ತಿಳಿಯುವ ಹೆಸರೂ ಬೇಕು.

ಇನ್ನೊಂದು ತೊಡಕು ‘ಓಪನ್ ಬೋಲ್ಟ್’. ಇದನ್ನು ‘ತೆರೆದ ಬೋಲ್ಟ್’ ಎಂದು ಬರೆದರೆ ಪೂರಾ ತಪ್ಪು ಅರ್ಥ. ತಪಾಸಣೆಗೆಂದು ಬೋಲ್ಟ್ ಎಳೆದು ತೋರಿಸಿದ ಸಾದಾ ರೈಫಲ್ಲೂ ತೆರೆದದ್ದೇ ಅಲ್ವಾ? ಇಲ್ಲಿ ಮಾತು ಬೇರೆ. ಸ್ಟೆನ್ ಗನ್ನಿನಂಥ ಸಣ್ಣ ಮಷೀನ್ ಗನ್ನುಗಳಲ್ಲಿ ಹೊಡೆಯಲು ಸಿದ್ಧವಾದಾಗ ಬೋಲ್ಟ್ ಹಿಂದೆ ನಿಂತಿರುತ್ತದೆ. ಟ್ರಿಗರ್ ಒತ್ತಿದರೆ ಮುನ್ನುಗ್ಗಿ ತೋಟಾ ತಳ್ಳಿಕೊಂಡು ಹೋಗಿ ಅದೇ ವೇಗದಲ್ಲಿ ಸಿಡಿಸುತ್ತದೆ. ಇಂಥ ರಚನೆಯನ್ನು ಒಂದೇ ಸಮನೆ ಸಿಡಿಯುವಂತೆ ಬದಲಿಸುವುದು ಸುಲಭ. ಅದಕ್ಕೇ 1982ರಲ್ಲಿ ಅಮೆರಿಕದ ಬಂದೂಕು ಇಲಾಖೆ ಈ ಬಗೆಯ ಕೆಲವು ಅರೆಸ್ವಯಂಚಾಲಿತ (ಒಮ್ಮೆ ಒತ್ತಿದರೆ ಒಂದೇ ಗುಂಡು ಹೋಗುವ) ಪಿಸ್ತೂಲುಗಳನ್ನು ಮಷೀನ್ ಗನ್ ಎಂದೇ ಪರಿಗಣಿಸಿತು. ನಮ್ಮ ಕಾಯ್ದೆ ನೋಡುವುದು ಫಲವನ್ನು: ಒತ್ತಿ ಹಿಡಿದಷ್ಟು ಹೊತ್ತು ಗುಂಡು ಹೋಗುತ್ತಲೇ ಇದ್ದರೆ ಅದು ನಿಷೇಧಿತ ಆಯುಧ. ಓಪನ್ ಬೋಲ್ಟಿಗೆ ‘ಹಿನ್ನಿಲುವಿನ ಬೋಲ್ಟ್’, ಮುಚ್ಚಿಕೊಂಡೇ ಸಿದ್ಧವಾಗಿ ನಿಲ್ಲುವ ‘ಕ್ಲೋಸ್ಡ್ ಬೋಲ್ಟ್’ಗೆ ‘ಮುಚ್ಚುನಿಲುವಿನ ಬೋಲ್ಟ್’ ಎಂದು ನಾನು ಬರೆದಿದ್ದೇನೆ. ಮೊದಲನೆಯದು ನಡೆಯುತ್ತದೆ, ಎರಡನೆಯದು ನಾಲಿಗೆಗೆ ಹತ್ತುತ್ತಿಲ್ಲ.

ಪೊಲೀಸ್ ಶಸ್ತ್ರಾಗಾರದಲ್ಲಿ ಕೆಲಸ ಮಾಡಿದವರು, ಎನ್‌ಸಿಸಿಯಲ್ಲಿ ರೈಫಲ್ ಬಿಚ್ಚಿ ಒರೆಸಿದವರು, ಕೊಡಗಿನ ಕಡೆಯವರು ಬಳಗದಲ್ಲಿದ್ದರೆ ದಯವಿಟ್ಟು ಹೇಳಿ: ಬೋಲ್ಟಿಗೂ ಅದರ ಹಲ್ಲಿಗೂ ಬಾಯಿಮಾತಿನಲ್ಲಿ ಬೇರೆ ಹೆಸರು ಕೇಳಿದ್ದೀರಾ? ಸಿಗದಿದ್ದರೆ ಮೊದಲ ಸಲ ‘ಬೋಲ್ಟ್, ಅಂದರೆ ಕೋವಿಯ ಅಗುಳಿ’ ಎಂದು ಬರೆದು, ಮುಂದೆ ಬೋಲ್ಟ್ ಎಂದೇ ಉಳಿಸುತ್ತೇನೆ. ಠಾಣೆಯಲ್ಲಿ ರೈತ ಆಡಬೇಕಾದ ಶಬ್ದ ಅದೇ ತಾನೆ.