ಬಳೆ ವಿಷಯ ಮೊದಲು ಮನೆಯವರಿಗೆ ಹೇಳು ಕಣೇ

ನಿನ್ನೆ ರಾತ್ರಿ ನಮ್ಮ ಅಕ್ಕ-ತಂಗೀರ ಗುಂಪಲ್ಲಿ ನೀನು ಹಾಕಿದ್ದನ್ನ ಎರಡು ಸಲ ಓದಿದೆ ಕಣೇ. ಟೈಪ್ ಮಾಡ್ತಾ ಕೂತ್ರೆ ಬೆಳಗಾಗತ್ತೆ, ಅದಕ್ಕೇ ಮಾತಾಡಿ ಕಳಿಸ್ತಿದೀನಿ. ಉದ್ದ ಆಗತ್ತೆ, ಪಾತ್ರೆ ತೊಳೀತಾ ಕೇಳು. ಮಗ ಮತ್ತೆ ಕ್ರಿಕೆಟ್ ಬೆಟ್ಟಿಂಗಲ್ಲಿ ಸಾಲ ಮಾಡ್ಕೊಂಡ, ನೀನು ಎರಡು ಬಳೆ ಅಡ ಇಟ್ಟು ತೀರಿಸ್ದೆ, ಮನೆಯವರಿಗೆ ಹೇಳಿಲ್ಲ, ಹನ್ನೊಂದು ದಿನದಿಂದ ಗಂಡ ಹೆಂಡ್ತಿ ಮಧ್ಯೆ ಮಾತಿಲ್ಲ. ಎಲ್ರೂ ಮಗನಿಗೆ ಬುದ್ಧಿ ಹೇಳೋದು ಹೇಗೆ ಅಂತಾನೇ ಬರೆದ್ರು. ನಂಗೆ ಬಳೆಯದ್ದೇ ಚಿಂತೆ.

ನಮ್ಮನೇಲಿ ಆಗಿದ್ದು ನಿಮಗೆ ಅರ್ಧ ಮಾತ್ರ ಗೊತ್ತು. 2022ರಲ್ಲಿ ನಮ್ಮವನು ಮೊಬೈಲಲ್ಲಿ ರಮ್ಮಿ ಆಡಿ ಸಾಲ ಮಾಡ್ಕೊಂಡಿದ್ದ. ನನ್ ಹತ್ರ ಬಂದು, "ಅಮ್ಮಾ, ಅಪ್ಪಂಗೆ ಹೇಳ್ಬೇಡ, ಎದೆ ಒಡ್ಕೋತಾರೆ" ಅಂದ. ಚೀಟಿ ಎತ್ತಿ 40 ಸಾವಿರ ಕೊಟ್ಟೆ. ಅದೇ ವಾರ ಅಪ್ಪನ ಹತ್ರ ಹೋಗಿ, "ಅಮ್ಮಂಗೆ ಬಿಪಿ ಇದೆ, ಹೇಳ್ಬೇಡಿ" ಅಂದಿದಾನೆ. ಅವ್ರು ಅಡಿಕೆ ಮಂಡೀಲಿ ಮುಂಗಡ ತಂದು 40 ಸಾವಿರ ಕೊಟ್ಟಿದಾರೆ. ಒಂದೇ ಸಾಲಕ್ಕೆ! ಇಬ್ರೂ ತೀರಿಸಿದ್ವಿ, ಸಾಲ ಮಾತ್ರ ಅಲ್ಲೇ ಇತ್ತು. ಎಂಟು ತಿಂಗಳಾದ ಮೇಲೆ ಮಂಡಿ ಲೆಕ್ಕ ನೋಡುವಾಗ ಗೊತ್ತಾಯ್ತು. ಆವತ್ತು ಅವನಿಗಿಂತ ನಾವೇ ಕಿತ್ತಾಡಿದ್ದು ಜಾಸ್ತಿ. "ನಿನ್ನ ಸೆರಗು ಹಿಡ್ಕೊಂಡೇ ಹಾಳಾದ" ಅಂತ ಅವ್ರು, "ಹೊಡೆದೂ ಹೊಡೆದೂ ನೀವೇ ಹೀಗ್ ಮಾಡಿದ್ದು" ಅಂತ ನಾನು. ಅವನು ರೂಮಲ್ಲಿ ಮಲಗಿದ್ದ, ಆರಾಮಾಗಿ.

ಆಮೇಲೆ ಡಾಕ್ಟರ್ ಹತ್ರ ಹೋದ್ವಿ, ಅವ್ರು ಹೇಳಿದ್ದು ಒಂದೇ ನಂಗೆ ನಾಟಿದ್ದು. ಜೂಜಿನ ಚಟ ಕಾಯಿಲೆನೇ, ಆದ್ರೆ ನೀವು ಸಾಲ ತೀರಿಸಿದಾಗೆಲ್ಲ ಅವನಿಗೆ ಅದು ಆಟ ಗೆದ್ದ ಹಾಗೇ ಅನ್ಸತ್ತೆ ಅಂದ್ರು. ಅವತ್ತಿಂದ ಒಂದು ನೋಟ್‌ಬುಕ್ ಇಟ್ವಿ. ಹತ್ತು ರೂಪಾಯಿ ಕೊಟ್ರೂ ಇಬ್ರಿಗೂ ಗೊತ್ತಾಗ್ಬೇಕು, ಇಬ್ರೂ ಒಪ್ಪದೆ ಕೊಡೋ ಹಾಗಿಲ್ಲ. ಇನ್ನೊಂದು, ರಾತ್ರಿ ಎಂಟರ ಮೇಲೆ ಅವನ ವಿಷಯ ಎತ್ತಬಾರದು, ಏನಿದ್ರೂ ಬೆಳಗ್ಗೆ ಕಾಫಿ ಆದ್ಮೇಲೆ. ಮೊದಲ ವಾರ ಮಾತಾಡೋಕೆ ನಮಗೆ ಬೇರೆ ವಿಷಯನೇ ಇರಲಿಲ್ಲ ಕಣೇ! ಬಸಳೆ ಬಳ್ಳಿಗೆ ಹುಳ ಬಿದ್ದಿದ್ದನ್ನೇ ಮೂರು ದಿನ ಮಾತಾಡಿದ್ವಿ. ನಗಬೇಡ.

ಮುಂದೆ ಮತ್ತೆ ಸಾಲ ಮಾಡ್ಕೊಂಡ್ರೆ ಸಾಲದವರು ಫೋನ್ ಮಾಡ್ತಾರೆ ಅಂತ ಹೆದರಬೇಡ. ನಿನ್ನ ಮಗನಿಗೆ 26 ವಯಸ್ಸು. ನೀವು ಜಾಮೀನು ಹಾಕದಿದ್ರೆ, ಜೊತೆಗೆ ಸಹಿ ಮಾಡದಿದ್ರೆ, ಅದು ಅವನ ಸಾಲ. ಬ್ಯಾಂಕು, ಫೈನಾನ್ಸ್ ಕಂಪನಿಯವರು ವಸೂಲಿಗೆ ಬೆಳಗ್ಗೆ 8ಕ್ಕಿಂತ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡೋ ಹಾಗಿಲ್ಲ ಅಂತ ರಿಸರ್ವ್ ಬ್ಯಾಂಕ್ ನಿಯಮನೇ ಇದೆ. 2025ರಲ್ಲಿ ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟ ನಿಷೇಧ ಆದಾಗ ಇನ್ನು ಸರಿಹೋಯ್ತು ಅಂದಿದ್ದೆ ನೀನು. ನೋಡು, ಬುಕ್ಕಿ ಸಿಕ್ಕೇ ಸಿಗ್ತಾನೆ.

ಒಂದು ಮಾತು ಮಾತ್ರ ಗಟ್ಟಿ. "ದುಡ್ಡು ಕೊಡದಿದ್ರೆ ಸತ್ತೋಗ್ತೀನಿ" ಅಂತ ಯಾವತ್ತಾದ್ರೂ ಅಂದ್ರೆ ನಾಟಕ ಅಂತ ಬಿಡಬೇಡಿ. ದುಡ್ಡೂ ಕೊಡಬೇಡಿ, ಒಬ್ಬನ್ನೇ ಬಿಟ್ಟೂ ಹೋಗಬೇಡಿ. 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ, ಸರ್ಕಾರದ್ದು. ಹಗಲೂ ರಾತ್ರಿ ಇರ್ತಾರೆ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಮಗ ಒಪ್ಪದಿದ್ರೆ ನೀವೇ ಮೊದಲು ಮಾತಾಡಿ. ನಾವೂ ಡಾಕ್ಟರ್ ಹತ್ರ ಮೊದಲು ಇಬ್ರೇ ಹೋಗಿದ್ದು, ಅವನು ಬಂದಿದ್ದು ನಾಲ್ಕು ತಿಂಗಳಾದ ಮೇಲೆ. ಪೂರ್ತಿ ಸರಿಹೋಗಿದಾನೆ ಅಂತ ಸುಳ್ಳು ಹೇಳಲ್ಲ, ಮಧ್ಯೆ ಎರಡು ಸಲ ಜಾರಿದಾನೆ. ಆದ್ರೆ ಆ ಎರಡು ಸಲನೂ ನಾವಿಬ್ರೂ ಒಂದೇ ಕಡೆ ಇದ್ವಿ.

ಬಳೆ ವಿಷಯ ಇವತ್ತೇ ಹೇಳು. ಬೇರೆಯವರಿಂದ ಗೊತ್ತಾದ್ರೆ ಬಳೆಗಿಂತ ದೊಡ್ಡದು ಹೋಗತ್ತೆ. ಬೈತಾರೆ, ಬೈಸ್ಕೋ. ನಿಮ್ಮ ಭಾವ ನಂಗೆ ಎರಡು ದಿನ ಬೈದ್ರು, ಮೂರನೇ ದಿನ ತಾವೂ ಕೊಟ್ಟಿದ್ದು ತಪ್ಪು ಅಂತ ಒಪ್ಕೊಂಡ್ರು. ಯಾರಿಗ್ಗೊತ್ತು, ನಿಮ್ಮನೆಯವರೂ ಏನಾದ್ರೂ ಕೊಟ್ಟಿರಬಹುದು.

ಶನಿವಾರ ಇಬ್ರೂ ಬನ್ನಿ, ಕೆಸುವಿನೆಲೆ ಬಂದಿದೆ, ಪತ್ರೊಡೆ ಮಾಡ್ತೀನಿ. ಅವನನ್ನ ಕರ್ಕೊಂಡು ಬರಬೇಡಿ. ಒಂದಿನ ಅನ್ನ ಅವನೇ ಮಾಡ್ಕೋತಾನೆ.