ಆಯಿಯ ವರ್ಷದ ಪುಣ್ಯಸ್ಮರಣಿಗೆ ಸಣ್ಣ ಪುಸ್ತಕ: ಏನೇನು ಕೂಡಿಸಬೇಕು, ಹೆಂಗ ಅಚ್ಚು ಹಾಕಿಸಬೇಕು?

ಆಳಂದ ಕಡಿಯವ
ನಮಸ್ಕಾರ್ರಿ. ಬರೋ ಎಳ್ಳ ಅಮಾಸಿಗೆ ನಮ್ಮ ಆಯಿ ತೀರಿಕೊಂಡು ವರ್ಷ ಆಗ್ತದ. ಹೊಲ, ಎಮ್ಮಿ, ಆರು ಮಕ್ಕಳು, ಎಲ್ಲಾ ಆಕಿ ರಟ್ಟಿ ಮ್ಯಾಲೇ ನಡೀತಿತ್ತು. ಬೀಗರಿಗೆ, ಊರವರಿಗೆ ಹಂಚಲಿಕ್ಕೆ ಒಂದು ಸಣ್ಣ ಪುಸ್ತಕ ಮಾಡಬೇಕಾಗ್ಯದ. ಕೈಯಾಗ ಇರೋದು ಇಷ್ಟೇ: ಒಂದು ಪಾಸ್‌ಪೋರ್ಟ್ ಫೋಟೋ, ಗಾಜಿಗೆ ಅಂಟಿಕೊಂಡ ಒಂದು ಕಟ್ಟಿನ ಫೋಟೋ, ಆಕಿ ಹೊಲಿದ ಕೌದಿ. ಆಧಾರ್‌ನ್ಯಾಗ ಹುಟ್ಟಿದ ದಿನ 01-01-1940 ಅದ, ಅದು ಖರೇ ಅಲ್ಲ. ಸಾಲಿ ಕಲ್ತಿಲ್ಲ. ಎಲ್ಲಿಂದ ಸುರು ಮಾಡ್ಲಿ?

ಹಳೆ ಪಹಣಿ
ಇಸವಿಯಿಂದ ಸುರು ಮಾಡ್ರಿ. ದಾಖಲೆ ಇಲ್ಲದವರಿಗೆ ಬಾಯಿಮಾತಿನ ವಯಸ್ಸು ಹಿಡಿದು 01-01 ಬರೀತಾರ, ಅದನ್ನ ಪುಸ್ತಕಕ್ಕ ಹಾಕಬ್ಯಾಡ್ರಿ. ವಯಸ್ಸಾದವರಿಗೆ "ಯಾವಾಗ ಹುಟ್ಟಿದ್ರು" ಅಂದ್ರ ಉತ್ತರ ಬರಲ್ಲ. "ರಜಾಕಾರರ ಹಾವಳಿ ಮುಗಿದು ಪೊಲೀಸ್ ಆಕ್ಷನ್ ಆದಾಗ ಆಯಿ ಕಂಕುಳಾಗಿನ ಕೂಸೋ, ಕೊಡ ಹೊರೋವಷ್ಟು ದೊಡ್ಡಾಕಿನೋ" ಅಂತ ಕೇಳ್ರಿ. ನಿಜಾಮರ ಹೈದರಾಬಾದ್ ಸಂಸ್ಥಾನ ಭಾರತಕ್ಕ ಸೇರಿದ ಆ ಸಂಗತಿ 1948ರ ಸೆಪ್ಟೆಂಬರ್. ಮುಂದಿನ ಸಂಗತಿಗೆ 1972ರ ಬರ, 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪ ಹಿಡೀರಿ. ಮಕ್ಕಳ ಸಾಲಿ ದಾಖಲೆನೂ ನೋಡ್ರಿ. ಆದ್ರ ಅಲ್ಲಿ ಜೂನ್ 1 ಇದ್ರ, ಅದು ಬಹಳ ಸಲ ಹೆಸರು ಹಚ್ಚಲಿಕ್ಕೆ ಮಾಸ್ತರು ಬರೆದ ದಿನ.

ಹಳೆ ಕಾಗದದಾಗ 1355 ಅಂಥ ಅಂಕಿ ಕಂಡ್ರ, ಅದು ನಿಜಾಮರ ಕಾಲದ ಫಸಲಿ ವರ್ಷ, ಅಂದ್ರ ಕಂದಾಯ ಲೆಕ್ಕದ ವರ್ಷ. ಅದಕ್ಕ 590 ಕೂಡಿಸ್ರಿ. ಆ ವರ್ಷ ಅಕ್ಟೋಬರಿನಾಗ ಸುರು ಆಗ್ತಿತ್ತು, ಹಿಂಗಾಗಿ ಜನವರಿಯಿಂದ ಮುಂದಿನ ತಿಂಗಳಿಗೆ 591. ಎಲ್ಲಾ ತಾಳಿ ನೋಡಿ "ಸುಮಾರು ಇಂಥ ಇಸವಿ" ಅಂತ ಬರೀರಿ.

ತೊಗರಿ ಹೊಲ
"ಕಷ್ಟಜೀವಿ, ಮಮತಾಮಯಿ" ಅಂತ ಬರೆದ್ರ ಅದು ಯಾರ ಆಯಿಗಾದ್ರೂ ಹೊಂದ್ತದ. ಅದರ ಬದಲಿ ಅವರ ಒಂದು ವರ್ಷದ ದುಡಿಮಿ ಬರೀರಿ ತಮ್ಮಾ. ಮುಂಗಾರಿನಾಗ ಹೆಸರು, ಉದ್ದು, ತೊಗರಿ ಬಿತ್ತಿಗಿ. ಆಮ್ಯಾಲೆ ಕಳೆ, ಹೆಸರು ಬಿಡಿಸೋದು, ಹಿಂಗಾರಿ ಬಿಳಿಜೋಳ, ಡಿಸೆಂಬರ್-ಜನವರಿಗೆ ತೊಗರಿ ಕೊಯ್ದು ಬಡಿಯೋದು. ಬ್ಯಾಸಿಗ್ಯಾಗ ಕುಳ್ಳು, ಶಾವಿಗಿ, ವರ್ಷದ ಖಾರ. ಇದರಾಗ ಆಯಿ ಕೈಯಿಂದ ಏನೇನು ನಡೀತಿತ್ತು ಅನ್ನೋದನ್ನ ಮೊದಲು ಗಂಡಸರಿಗೆ ಕೇಳಬ್ಯಾಡ್ರಿ, ಅವರು ಎಕರೆ ಲೆಕ್ಕ ಹೇಳ್ತಾರ. ಅವರ ಜೋಡಿ ಸಾಲು ಹಿಡಿದು ಕಳೆ ತೆಗೆದ ಹೆಣ್ಮಕ್ಕಳಿಗೆ ಕೇಳ್ರಿ.

ಬೀಸೋ ಪದ ಗೊತ್ತಿದ್ದ ಹೆಣ್ಮಕ್ಕಳಿಗೆ ಸುಮ್ಮನ ಕುಂತು ಹೇಳ್ರಿ ಅಂದ್ರ ಎರಡು ಸಾಲಿಗೆ ನಿಲ್ತಾರ. ಬೀಸೋಕಲ್ಲಿನ ಮುಂದ ಕೂಡಿಸಿ ಒಂದು ಹಿಡಿ ಜೋಳ ಹಾಕಿಕೊಡ್ರಿ, ಕೈ ತಿರುಗಿದಂಗ ಪದ ಬರ್ತದ. ಫೋನು ನೆಲದ ಮ್ಯಾಲೆ ಇಟ್ರ ಕಲ್ಲಿನ ಗುಡುಗೇ ತುಂಬತದ. ಸ್ಟೂಲಿನ ಮ್ಯಾಲೆ ದಪ್ಪ ಬಟ್ಟಿ ಹಾಸಿ, ಬಾಯಿ ಎತ್ತರಕ್ಕ ಇಡ್ರಿ.

ಎಳ್ಳ ಅಮಾಸಿನೇ ಆದ್ದರಿಂದ ಅವರ ಭಜ್ಜಿಗೆ (ಎಣ್ಣ್ಯಾಗ ಕರಿಯೋದಲ್ಲ, ಕಾಳು-ಪಲ್ಯ ಕುದಿಸಿ ಮಾಡೋದು) ಒಂದು ಪುಟ ಕೊಡ್ರಿ. ಹಸಿ ತೊಗರಿ, ಕಡ್ಲಿ, ಅವರಿ, ಬಟಾಣಿ, ಗಜ್ಜರಿ, ಮೆಂತ್ಯ ಪಲ್ಯ ಅಂತ ಹೆಸರು ಬರೆದ್ರ ಸಾಲದು. ಅವರ ಕೈಕೆಳಗ ಕಲ್ತ ಸೊಸಿ ಹಿಡಿ ಹಾಕೋ ಮುಂದ ಕೆಳಗ ತಕ್ಕಡಿ ಇಟ್ಟು ತೂಕ ಬರಕೊಳ್ರಿ. ಕಡ್ಲಿ ಹಿಟ್ಟು ಹಾಕೋ ಹೊತ್ತನ್ನೂ ಬರೀರಿ. ಒಣ ಹಿಟ್ಟು ಕುದಿಯೋದರಾಗ ಸುರುವಿದ್ರ ಗಂಟಾಗ್ತದ, ಮಜ್ಜಿಗ್ಯಾಗ ಕದಡಿ ಸಣ್ಣ ಧಾರಿ ಬಿಡಬೇಕು.

ಅಚ್ಚಿನ ಮನೆ
ಗಾಜಿಗೆ ಅಂಟಿದ ಫೋಟೋ ಕೀಳಬೇಡಿ, ಮುಖದ ಪದರವೇ ಗಾಜಿನ ಜೊತೆ ಬರುತ್ತದೆ. ಕಟ್ಟು ಬಿಚ್ಚಿ, ಗಾಜಿನ ಸಮೇತ ನೆರಳಿನಲ್ಲಿಟ್ಟು, ಮೊಬೈಲಿನ ಹಿಂದೆ ಕರಿ ಬಟ್ಟೆ ಹಿಡಿದು ನೇರವಾಗಿ ತೆಗೆಯಿರಿ, ಪ್ರತಿಬಿಂಬ ಬೀಳುವುದಿಲ್ಲ. ಪಾಸ್‌ಪೋರ್ಟ್ ಫೋಟೋ 35×45 ಮಿ.ಮೀ. ಇದ್ದರೆ 600 ಡಿಪಿಐನಲ್ಲಿ (ಒಂದು ಇಂಚಿಗೆ ಇಷ್ಟು ಚುಕ್ಕಿ ಎಂಬ ಅಳತೆ) ಸ್ಕ್ಯಾನ್ ಮಾಡಿಸಿ. ಅಚ್ಚಿಗೆ 300 ಡಿಪಿಐ ಬೇಕು, ಅಂದರೆ 70×90ರವರೆಗೆ ಹಿಗ್ಗಿಸಬಹುದು. ಅದಕ್ಕಿಂತ ದೊಡ್ಡದು ಮಾಡಿದರೆ ಮಸುಕು. ಫೋಟೋ ಚಂದ ಮಾಡುವ ಆ್ಯಪ್‌ಗಳಿಗೆ ದಯವಿಟ್ಟು ಕೊಡಬೇಡಿ. ಹಣೆಯ ಹಚ್ಚೆಯನ್ನು ಕಲೆ ಎಂದು ಅಳಿಸುತ್ತವೆ, ಮೂಗುತಿ ತಿದ್ದುತ್ತವೆ, ಕೊನೆಗೆ ಉಳಿಯುವುದು ಯಾರದೋ ಮುಖ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ.

ನಡುವೆ ಪಿನ್ ಹೊಡೆಯುವ ಪುಸ್ತಕಕ್ಕೆ ಪುಟಗಳು ನಾಲ್ಕರ ಲೆಕ್ಕದಲ್ಲಿರಬೇಕು: 16, 20, 24. ಒಳಗೆ 100 ಜಿಎಸ್‌ಎಂ (ಕಾಗದದ ತೂಕದ ಅಳತೆ) ಮ್ಯಾಪ್ಲಿಥೋ ಕಾಗದ ಸಾಕು. ಮೊಬೈಲಿನಲ್ಲಿ ಬರೆದದ್ದು ಯೂನಿಕೋಡ್. ಪ್ರೆಸ್ಸಿನವರು ಅದನ್ನು ಯೂನಿಕೋಡ್ ಅಲ್ಲದ ಹಳೆ ನುಡಿ ಫಾಂಟಿನ ಅಕ್ಷರಕ್ಕೆ ಬದಲಿಸಿದರೆ ಒತ್ತಕ್ಷರ, ಅರ್ಕಾವೊತ್ತು ಜಾಗ ತಪ್ಪುತ್ತವೆ. ಪ್ರೂಫನ್ನು ಕಾಗದದ ಮೇಲೆ ತರಿಸಿ ಹೆಸರುಗಳನ್ನು ಇಬ್ಬರು ಓದಿ.

ಆಳಂದ ಕಡಿಯವ
ಭಾಳ ಉಪಕಾರ ಆಯ್ತ್ರಿ ಎಲ್ಲರದು. ಕೌದಿ ಆರು ತುಂಡು ಮಾಡಿ ಮಕ್ಕಳಿಗೆ ಹಂಚೋದಂತ ಮನ್ಯಾಗ ಮಾತು ನಡದದ, ಅಕ್ಕಾರೆ. ಮಾಡಬಹುದೇನ್ರಿ?

ತೊಗರಿ ಹೊಲ
ಕತ್ತರಿ ಹಚ್ಚಬ್ಯಾಡ್ರಿ. ದಾರ ಒಂದೇ ಎಳಿ ಓಡಿರ್ತದ, ಕಡಿದ ಕಡಿ ಎಲ್ಲಾ ಹೊಲಿಗಿ ಸಡ್ಲ ಆಗಿ ಪದರ ಬಿಚ್ಚತಾವ. ಬೆಳಗಿನ ಓರೆ ಬಿಸಿಲಿನಾಗ ಹಾಸಿ ಫೋಟೋ ತೆಗೀರಿ, ಹೊಲಿಗಿ ಎದ್ದು ಕಾಣ್ತದ. ಪ್ರತಿ ತುಂಡಿಗೂ ನಂಬರ್ ಹಾಕಿ, ಯಾವುದು ಯಾರ ಸೀರಿ, ಯಾರ ಕುಬಸ, ಯಾರ ಧೋತರ ಅಂತ ಕೇಳಿ ಪುಸ್ತಕದ ನಡುವಿನ ಎರಡು ಪುಟಕ್ಕ ಹಾಕ್ರಿ, ಆರೂ ಮಂದಿಗೆ ಅದೇ ಪಾಲು. ಕೌದಿ ಮಷೀನಿಗೆ ಹಾಕಬ್ಯಾಡ್ರಿ. ಮಡಚೋ ಬದಲಿ ಬಿಳಿ ಹತ್ತಿ ಬಟ್ಟಿ ಕೂಡ ಸುತ್ತಿ ಇಡ್ರಿ, ಡಾಂಬರ್ ಗುಳಿಗಿ ನೇರ ಬಟ್ಟಿಗೆ ತಾಗಬಾರದು.