4 ಓಮ್ ಸ್ಪೀಕರ್‌ಗೆ ಎಷ್ಟು ವ್ಯಾಟ್? ಟೆಕ್ನಿಷಿಯನ್ ಅವರನ್ನೇ ಕೇಳಿ

ಮದ್ದೂರು: ಸಾರ್, ಟವರ್ ಸ್ಪೀಕರ್, 4 ಓಮ್, 84 ಡಿಬಿ. ರಿಸೀವರ್ ಮೇಲೆ 8 ಓಮ್‌ಗೆ 100 ವ್ಯಾಟ್ ಅಂತಿದೆ. 20 ನಿಮಿಷ ಜೋರಾಗಿ ಕೇಳಿದ್ರೆ ಪ್ರೊಟೆಕ್ಟ್ ಅಂತ ತೋರಿಸಿ ಆಫ್ ಆಗುತ್ತೆ. ಕೂರೋದು 10 ಅಡಿ ದೂರ. ಸ್ಪೀಕರ್ ಕೆಟ್ಟಿದೆಯಾ?

ಟೆಕ್ನಿಷಿಯನ್: ಇರಲಾರದು. ಆನ್ ಮಾಡಿದ ತಕ್ಷಣ ಆಫ್ ಆದ್ರೆ ಎಲ್ಲೋ ವೈರಿನ ಎಳೆ ತಾಗಿದೆ. ಬೇಸ್ ಬಡಿತಕ್ಕೆ ಆಫ್ ಆದ್ರೆ ಕರೆಂಟ್ ಸಾಲ್ತಿಲ್ಲ. 20 ನಿಮಿಷ ಆದ್ಮೇಲೆ ಅಂದ್ರೆ ಬಿಸಿ. ನಿಮ್ಮದು ಮೂರನೆಯದು, ಬೇರು ಎರಡನೆಯದರಲ್ಲಿ.

ಲೆಕ್ಕ ನೋಡಿ. 84 ಡಿಬಿ ಅಂದ್ರೆ ಧ್ವನಿ ಎಷ್ಟು ಜೋರು ಅನ್ನೋದು, ಸಾಮಾನ್ಯವಾಗಿ 2.83 ವೋಲ್ಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದದ್ದು. ಆ ವೋಲ್ಟೇಜ್ 8 ಓಮ್‌ಗೆ 1 ವ್ಯಾಟ್, 4 ಓಮ್‌ಗೆ 2 ವ್ಯಾಟ್. ಅಲ್ಲಿಗೆ ನಿಮ್ಮ ಸ್ಪೀಕರ್ 1 ವ್ಯಾಟಿಗೆ ಕೊಡೋದು 81 ಡಿಬಿ ಅಷ್ಟೇ. ರೂಮಿನೊಳಗೆ 10 ಅಡಿಗೆ ಸುಮಾರು 7 ಡಿಬಿ ಕಳೀರಿ, ಸ್ಪೀಕರ್ ಎರಡಿರೋದಕ್ಕೆ 3 ಸೇರಿಸಿ: 2.83 ವೋಲ್ಟಿಗೆ 80. ಪೀಕ್ 100 ಡಿಬಿ ಬೇಕಾದ್ರೆ ವೋಲ್ಟೇಜ್ ಹತ್ತು ಪಟ್ಟು, 28.3. ಅಷ್ಟು ವೋಲ್ಟೇಜ್ ನಿಮ್ಮ ರಿಸೀವರಿನಲ್ಲಿದೆ; 8 ಓಮ್‌ಗೆ 100 ವ್ಯಾಟ್ ಅಂದ್ರೆ ಅದೇ. ಆದ್ರೆ 8 ಓಮ್ ಎಳೆಯೋದು 3.5 ಆಂಪಿಯರ್. ಹೆಸರಿಗೆ 4 ಓಮ್ ಇರೋ ಸ್ಪೀಕರ್ ಬೇಸ್‌ನಲ್ಲಿ 3 ಓಮ್‌ಗೆ ಇಳಿದ್ರೆ 9.4 ಆಂಪಿಯರ್. ಏದುಸಿರು ಬಿಡ್ತಿರೋದು ಅಲ್ಲಿ.

ಪ್ರೀ-ಔಟ್ (ಬೇರೆ ಆಂಪಿಗೆ ಸಿಗ್ನಲ್ ಕೊಡೋ ಸಾಕೆಟ್) ಇದ್ರೆ, ಎರಡೂ ಚಾನೆಲ್ ಓಡಿಸಿ 4 ಓಮ್‌ಗೆ 200 ವ್ಯಾಟ್ ಕೊಡೋ ಪವರ್ ಆಂಪ್ ಸೇರಿಸಿ. ಇಲ್ಲದಿದ್ರೆ ಸಬ್‌ವೂಫರ್ ಇಟ್ಟು ಕ್ರಾಸ್‌ಓವರ್ 80 ಹರ್ಟ್ಸ್‌ಗೆ ಹಾಕಿ, ಅದಕ್ಕಿಂತ ಕೆಳಗಿನ ಬೇಸ್ ಸಬ್‌ವೂಫರಿಗೆ ಹೋಗುತ್ತೆ; ರಿಸೀವರ್ ಮೇಲೆ ಆರಿಂಚು ಜಾಗ ಬಿಡಿ. ಮೆನುವಿನಲ್ಲಿರೋ 4 ಓಮ್ ಸೆಟ್ಟಿಂಗ್ ಸಾಮಾನ್ಯವಾಗಿ ವೋಲ್ಟೇಜನ್ನೇ ತಗ್ಗಿಸುತ್ತೆ. ಬಿಸಿ ಕಡಿಮೆ ಆಗುತ್ತೆ, ಶಕ್ತಿಯೂ ಕಡಿಮೆ.

ಸರಸ್ವತಿಪುರಂ: 4 ಓಮ್ ಸ್ಪೀಕರ್‌ಗೆ 8 ಓಮ್ ಆಂಪ್ ಹಾಕಬಹುದಾ?

ಟೆಕ್ನಿಷಿಯನ್: ಈಗ ತಾನೇ ಬರೆದೆ. ಮೇಲೆ ಓದಿ.

ಕುವೆಂಪುನಗರ: ಬೈವೈರ್ ಮಾಡಿದ್ರೆ, ಅಂದ್ರೆ ಒಂದೊಂದು ಸ್ಪೀಕರಿಗೂ ಎರಡೆರಡು ಜೊತೆ ವೈರ್ ಎಳೆದ್ರೆ, ಪ್ರೊಟೆಕ್ಟ್ ನಿಲ್ಲುತ್ತಾ ಸಾರ್?

ಶ್ರೀರಂಗಪಟ್ಟಣ: ವಾಟ್ಸಾಪಲ್ಲಿ ಬಂದಿತ್ತು: ಪ್ಲಸ್ ವೈರಿಗೆ 4 ಓಮ್ ರೆಸಿಸ್ಟರ್ ಹಾಕಿದ್ರೆ 8 ಓಮ್ ಆಯ್ತು, ಕೆಲಸ ಮುಗೀತು.

ಟೆಕ್ನಿಷಿಯನ್: ಆ ಫಾರ್ವರ್ಡ್ ಇನ್ನೂ ಸತ್ತಿಲ್ವಾ? ಅರ್ಧ ಶಕ್ತಿ ರೆಸಿಸ್ಟರಿನಲ್ಲೇ ಬಿಸಿಯಾಗಿ ಹೋಗುತ್ತೆ. ಸ್ಪೀಕರಿನ ಓಮ್ ಒಂದೊಂದು ಫ್ರೀಕ್ವೆನ್ಸಿಗೆ ಒಂದೊಂದು ಥರ, ಹಾಗಾಗಿ ಧ್ವನಿಯ ಸಮತೋಲ ಕೆಡುತ್ತೆ, ಕೋನ್ ಮೇಲೆ ಹಿಡಿತ ತಪ್ಪಿ ಬೇಸ್ ಗುಂಯ್‌ಗುಡುತ್ತೆ. 5 ವ್ಯಾಟಿನದ್ದು ಹಾಕಿದ್ರೆ ಸುಟ್ಟ ವಾಸನೆ ಬೇರೆ. ಹಾಕಬೇಡಿ.

ಪಾಂಡವಪುರ: ನಮ್ಮದು 5000 ವ್ಯಾಟ್ ಹೋಂ ಥಿಯೇಟರ್, ಇಂಥ ರಗಳೆನೇ ಇಲ್ಲ.

ಸರಸ್ವತಿಪುರಂ: ಅಣ್ಣ, ಅದು ಪಿಎಂಪಿಓ, ಜಾಹೀರಾತಿಗೆ ಉಬ್ಬಿಸಿ ಬರೆಯೋ ವ್ಯಾಟ್. ಹಾಕಿರೋದು 6 ಆಂಪಿಯರ್ ಪ್ಲಗ್ಗಿಗೆ. 230ರಿಂದ ಗುಣಿಸಿ, 1380. ಮಿಕ್ಕಿದ್ದಕ್ಕೆ ಶಿವನಸಮುದ್ರದಿಂದ ನೇರ ಲೈನ್ ಎಳೆಸಿದ್ದೀರಾ?

ಪಾಂಡವಪುರ: ಮಾತು ನೆಟ್ಟಗಿರಲಿ. ಮೇಲೆ ಬರೆದಿರೋದನ್ನ ಓದದೆ ಕೇಳ್ದೋರು ನೀವೇ ತಾನೆ?

ವಿಜಯನಗರ: ಜಗಳ ಬಿಡ್ರಪ್ಪ. ಆಂಪ್ ವ್ಯಾಟ್ ಸ್ಪೀಕರಿನ ಅರ್ಧ ಇದ್ರೆ ಸೇಫ್ ಅಂತಾರಲ್ಲ?

ಟೆಕ್ನಿಷಿಯನ್: ಅನ್ನೋರು ಟ್ವೀಟರ್ (ಕೀರಲು ಧ್ವನಿಯ ಸಣ್ಣ ಸ್ಪೀಕರ್) ಬದಲಿಸಿ ಕೊಡ್ತಾರಾ ಕೇಳಿ. ಸಣ್ಣ ಆಂಪನ್ನ ಕ್ಲಿಪ್ ಆಗೋವರೆಗೆ ತಿರುಗಿಸಿದ್ರೆ ಅಲೆಯ ತಲೆ ಚಪ್ಪಟೆಯಾಗಿ ಟ್ವೀಟರಿಗೆ ಹೋಗೋ ಸರಾಸರಿ ಶಕ್ತಿ ಏರುತ್ತೆ, ಕಾಯಿಲ್ ಸುಡುತ್ತೆ. ಧ್ವನಿ ಒರಟಾದ ಕೂಡಲೇ ವಾಲ್ಯೂಮ್ ಇಳಿಸಿ.

ಮಳವಳ್ಳಿ: ನಮ್ಮಲ್ಲಿ ಸಂಜೆ 190 ವೋಲ್ಟ್. ಆಂಪಿಗೆ ಏನಾಗುತ್ತೆ?

ಟೆಕ್ನಿಷಿಯನ್: ಮಾಮೂಲಿ ಟ್ರಾನ್ಸ್‌ಫಾರ್ಮರ್ ಆಂಪ್ ಆದ್ರೆ 100 ವ್ಯಾಟ್ ಹೆಚ್ಚುಕಮ್ಮಿ 68 ಆಗುತ್ತೆ.

ಕುವೆಂಪುನಗರ: ಬೈವೈರ್ ಸಾರ್?

ಶ್ರೀರಂಗಪಟ್ಟಣ: 10 ವ್ಯಾಟಿನ ರೆಸಿಸ್ಟರ್ ಆದ್ರೆ?

ಟೆಕ್ನಿಷಿಯನ್: ಸುಡೋಕೆ ಸ್ವಲ್ಪ ಹೊತ್ತು ಜಾಸ್ತಿ ಹಿಡಿಯುತ್ತೆ.

ಮದ್ದೂರು: ಪ್ರೀ-ಔಟ್ ಇಲ್ಲ ಸಾರ್, ಸಬ್ ಔಟ್ ಮಾತ್ರ. ರಿಸೀವರ್ ಇರೋದು ಶೋಕೇಸ್ ಒಳಗೆ, ಗಾಜಿನ ಬಾಗಿಲು.

ಟೆಕ್ನಿಷಿಯನ್: ಬಾಗಿಲು ಹಾಕಿಟ್ಟು ಕೇಳ್ತೀರಾ? ಅದನ್ನ ಮೊದಲೇ ಹೇಳಬಾರದಾ? ಹೊರಗೆ ತೆಗೆದಿಟ್ಟು ಇವತ್ತು ಒಂದು ಗಂಟೆ ಓಡಿಸಿ. ಸಬ್‌ವೂಫರ್ ಮಾತು ಆಮೇಲೆ.